ಪದವೀಧರ ನಾಗರಿಕ: ಜೋಡಣೆ ಮತ್ತು ಬಳಕೆಯ ಕೈಪಿಡಿ

(ಹನಗೋಡು ಹೋಬಳಿ ಮಾದರಿ. ಪದವಿ ಕಾಲೇಜಿನ ಉಪನ್ಯಾಸಕರ ಉಪಯೋಗಕ್ಕೆ ಮಾತ್ರ)



ಈ ಸಾಲಿನ ಪದವಿ ವಿದ್ಯಾರ್ಥಿಗಳನ್ನು ಸುಸ್ಥಿತಿಯಲ್ಲಿ ಬರಮಾಡಿಕೊಂಡಿದ್ದೀರಿ ಎಂದು ನಂಬಿದ್ದೇವೆ. ಮೂರು ವರ್ಷ ಕಳೆದು ಹೊರಬೀಳುವಾಗ ಇವರ ಕೈಯಲ್ಲಿ ಅಂಕಪಟ್ಟಿ ಇದ್ದರೆ ಸಾಲದು, ನಾಗರಿಕಪ್ರಜ್ಞೆಯೂ ಇರಬೇಕು ಎಂಬುದು ಸರ್ಕಾರದ ಆಸೆ, ಪಠ್ಯಕ್ರಮದ ಗುರಿ, ಮತ್ತು ವೇಳಾಪಟ್ಟಿಯಲ್ಲಿ ಊಟವಾದ ಮೇಲಿನ ಒಂದು ಪೀರಿಯಡ್ಡು. ಆ ಪೀರಿಯಡ್ಡು ಈ ಸಲ ನಿಮ್ಮ ತಲೆಗೆ ಬಂದಿದೆ. ಹೆದರಬೇಡಿ. ಕೈಪಿಡಿಯನ್ನು ಕ್ರಮವಾಗಿ ಅನುಸರಿಸಿದರೆ ಹನಗೋಡು ಹೋಬಳಿಯ ಯಾವ ವಿದ್ಯಾರ್ಥಿಯನ್ನಾದರೂ ನಟ್ಟು ಬೋಲ್ಟು ಮಿಕ್ಕದಂತೆ ನಾಗರಿಕನನ್ನಾಗಿ ಜೋಡಿಸಬಹುದು. ಆಮೇಲೆ ಆಗುವ ತೊಂದರೆಗಳಿಗೆ ಕೊನೆಯ ಭಾಗ ನೋಡಿ.

1. ಪೆಟ್ಟಿಗೆಯಲ್ಲಿ ಏನೇನಿದೆ

ಮೊದಲು ಪೆಟ್ಟಿಗೆ ಬಿಚ್ಚಿ ಪರಿಶೀಲಿಸಿ. ಒಳಗೆ ಏನೂ ಇಲ್ಲ, ಎಲ್ಲವನ್ನೂ ನಾವೇ ತುಂಬಬೇಕು ಎಂದುಕೊಂಡು ಪಾಠ ಶುರು ಮಾಡುವವರೇ ಹೆಚ್ಚು. ಹನಗೋಡು ಕಡೆಯಿಂದ ಬೆಳಗಿನ ಬಸ್ಸಿನಲ್ಲಿ ನೇತಾಡಿಕೊಂಡು ಹುಣಸೂರಿಗೆ ಬಂದಿಳಿಯುವ ವಿದ್ಯಾರ್ಥಿಯಲ್ಲಿ ಈ ಕೆಳಗಿನವು ಮೊದಲೇ ಅಳವಡಿಕೆಯಾಗಿರುತ್ತವೆ:

ಅ) ಆರ್‌ಡಿ ಸಂಖ್ಯೆ. ಜಾತಿ ಪ್ರಮಾಣಪತ್ರದ್ದು ಒಂದು, ಆದಾಯದ್ದು ಒಂದು. ವಿದ್ಯಾರ್ಥಿವೇತನದ ಪೋರ್ಟಲ್ಲಿನ ಜೊತೆ ಗುದ್ದಾಡಿ ಗುದ್ದಾಡಿ ಅಪ್ಪನ ಮೊಬೈಲ್ ನಂಬರಿಗಿಂತ ಚೆನ್ನಾಗಿ ಬಾಯಿಗೆ ಬಂದಿರುತ್ತದೆ.

ಆ) ತಂಬಾಕು ಮಂಡಳಿ. ಮನೆಯ ಬ್ಯಾರನ್ ಲೈಸೆನ್ಸು ಯಾರ ಹೆಸರಿನಲ್ಲಿದೆ, ಎಷ್ಟು ಕೆಜಿಗೆ ಅನುಮತಿ, ಹೆಚ್ಚು ಬೆಳೆದರೆ ದಂಡ ಹೇಗೆ, ಕಟ್ಟೆಮಳಲವಾಡಿ ಹರಾಜು ಮಾರುಕಟ್ಟೆಯಲ್ಲಿ ಬೇಲು ‘ನೋ ಬಿಡ್’ ಆದರೆ ಮುಂದೇನು. ಅರ್ಥಶಾಸ್ತ್ರದ ಪರೀಕ್ಷೆಯಲ್ಲಿ ಮೂವತ್ತೈದು ದಾಟದ ಹುಡುಗ ಈ ವಿಷಯದಲ್ಲಿ ಅರ್ಧ ಗಂಟೆ ಮಾತಾಡಬಲ್ಲ.

ಇ) ಅರಣ್ಯ ಇಲಾಖೆ. ಆನೆ ಕಂದಕ ಎಲ್ಲಿ ಕುಸಿದಿದೆ, ರೈಲ್ವೆ ಹಳಿಯ ಬೇಲಿ ಎಲ್ಲಿಗೆ ಬಂದು ನಿಂತಿದೆ, ಯಾವ ಗಾರ್ಡು ಫೋನ್ ಎತ್ತುತ್ತಾರೆ, ಯಾರು ಎತ್ತುವುದಿಲ್ಲ.

ಈ) ಅಮ್ಮನ ಗೃಹಲಕ್ಷ್ಮಿ ದುಡ್ಡು ಯಾವ ತಿಂಗಳದ್ದು ಬಂದಿದೆ, ಯಾವ ತಿಂಗಳದ್ದು ಬಾಕಿ.

ಇದೆಲ್ಲ ನಾಗರಿಕ ಜ್ಞಾನವೇ. ಪ್ರಶ್ನೆಪತ್ರಿಕೆಯಲ್ಲಿ ಬರುವುದಿಲ್ಲವಾದ್ದರಿಂದ ತನಗೆ ಇಷ್ಟೆಲ್ಲ ಗೊತ್ತಿದೆ ಎಂಬುದು ಹುಡುಗನಿಗೆ ಗೊತ್ತಿಲ್ಲ. ನಿಮಗೂ ಗೊತ್ತಿಲ್ಲ.

ಪೆಟ್ಟಿಗೆಯಲ್ಲಿ ಇಲ್ಲದಿರುವುದು: ತನ್ನ ವಾರ್ಡಿನ ಪಂಚಾಯಿತಿ ಸದಸ್ಯರ ಹೆಸರು, ಮುಂದಿನ ಗ್ರಾಮಸಭೆಯ ದಿನಾಂಕ, ಹಾಗೂ ಮೇಜಿನ ಆಚೆ ಕೂತವರ ಮುಂದೆ ತಡವರಿಸದ ಗಂಟಲು. ಇವನ್ನು ಬೇರೆಯಾಗಿ ಹೊಂದಿಸಿಕೊಳ್ಳಬೇಕು.

2. ಬಳಸುವ ಮುನ್ನ ಎಚ್ಚರಿಕೆಗಳು

ಪೀಠಿಕೆ ಓದಿಸಿದ ಕೂಡಲೇ ಜೋಡಣೆ ಮುಗಿಯಿತೆಂದು ಭಾವಿಸಬೇಡಿ. 2023ರ ಸೆಪ್ಟೆಂಬರ್ 15ರಂದು ರಾಜ್ಯದ ಶಾಲೆ, ಕಾಲೇಜು, ಕಚೇರಿಗಳಲ್ಲೆಲ್ಲ ಸಂವಿಧಾನದ ಪೀಠಿಕೆಯನ್ನು ಒಕ್ಕೊರಲಿನಿಂದ ಓದಲಾಯಿತು. ಮರುವರ್ಷ ಅದೇ ದಿನ ಬೀದರ್‌ನಿಂದ ಚಾಮರಾಜನಗರದವರೆಗೆ 2,500 ಕಿಲೋಮೀಟರ್ ಮಾನವ ಸರಪಳಿ. ಎರಡೂ ಒಳ್ಳೆಯ ಕೆಲಸವೇ. ಕೈ ಕೈ ಹಿಡಿದು ನಿಂತ ವಿದ್ಯಾರ್ಥಿಗೆ, ಕೈ ಬಿಡಿಸಿಕೊಂಡ ಮೇಲೆ ಅದೇ ಕೈಯಲ್ಲಿ ಏನು ಬರೆಯಬೇಕು ಎಂದು ಹೇಳಿಕೊಡುವುದು ನಿಮ್ಮ ಪಾಲಿನ ಕೆಲಸ. ಫೋಟೊ ತೆಗೆದು ಗ್ರೂಪಿಗೆ ಹಾಕುವುದರೊಂದಿಗೆ ಅದು ಮುಗಿಯುವುದಿಲ್ಲ.

ಮತದಾನದ ಗುಂಡಿ ಕಾಲೇಜಿನ ಕಾಂಪೌಂಡಿನೊಳಗೆ ಕೆಲಸ ಮಾಡುವುದಿಲ್ಲ. 1989ರ ಮಾರ್ಚಿನಲ್ಲಿ ಸಂವಿಧಾನದ 61ನೇ ತಿದ್ದುಪಡಿ ಜಾರಿಗೆ ಬಂದು ಮತದಾನದ ವಯಸ್ಸು 21ರಿಂದ 18ಕ್ಕೆ ಇಳಿಯಿತು. ಕರ್ನಾಟಕದ ಕಾಲೇಜುಗಳಲ್ಲಿ ವಿದ್ಯಾರ್ಥಿ ಸಂಘದ ನೇರ ಚುನಾವಣೆ ನಿಂತದ್ದೂ ಹೆಚ್ಚುಕಡಿಮೆ ಅದೇ ಹೊತ್ತಿಗೆ. ದೇಶದ ಪ್ರಧಾನಿಯನ್ನು ಆರಿಸಲು ಶಕ್ತನಾದ ಹುಡುಗ ತರಗತಿಯ ಪ್ರತಿನಿಧಿಯನ್ನು ಆರಿಸಲು ಅಶಕ್ತನಾದದ್ದು ಹೀಗೆ. ತಾಲ್ಲೂಕು ಮತ್ತು ಜಿಲ್ಲಾ ಪಂಚಾಯಿತಿಗೆ 2016ರಲ್ಲಿ ಚುನಾವಣೆ ಆಗಿ, 2021ರಲ್ಲಿ ಅವಧಿ ಮುಗಿದು, ಆಮೇಲೆ ವರ್ಷಗಟ್ಟಲೆ ಆಡಳಿತಾಧಿಕಾರಿಗಳೇ ನಡೆಸಿದ್ದಾರೆ. ಆದ್ದರಿಂದ ‘ಮೂರು ಹಂತದ ಪಂಚಾಯಿತಿ ವ್ಯವಸ್ಥೆಯನ್ನು ವಿವರಿಸಿ’ ಎಂಬ ಹತ್ತು ಅಂಕದ ಪ್ರಶ್ನೆಯನ್ನು ಪಾಠ ಮಾಡುವಾಗ ವಿದ್ಯಾರ್ಥಿ ನಕ್ಕರೆ ಗದರಬೇಡಿ. ಅವನಿಗೆ ಪಾಠ ಅರ್ಥವಾಗಿದೆ.

ಸಾಧನವನ್ನು ತರಗತಿಯೊಳಗೇ ಇಟ್ಟರೆ ತುಕ್ಕು ಹಿಡಿಯುತ್ತದೆ.

3. ಬೇಕಾಗುವ ಸಲಕರಣೆ

ಬಿಳಿ ಹಾಳೆ. ನೀಲಿ ಪೆನ್ನು. ಲಾಡಿ ಕಟ್ಟುವ ರಟ್ಟಿನ ಫೈಲು. ಜೆರಾಕ್ಸ್ ಅಂಗಡಿಯವರ ಪರಿಚಯ. ಹತ್ತು ರೂಪಾಯಿಯ ಪೋಸ್ಟಲ್ ಆರ್ಡರ್. ಒಬ್ಬ ಅಜ್ಜಿ, ಇಲ್ಲವೇ ಅಜ್ಜ (ಉಪಯೋಗ ಆರನೇ ಹಂತದಲ್ಲಿ). ಪ್ರೊಜೆಕ್ಟರ್ ಬೇಕಿಲ್ಲ.

4. ಜೋಡಣೆ

ಹಂತ 1: ಬಾಗಿಲು ಗುರುತಿಸುವುದು

ಸಂಸತ್ ಭವನದ ಚಿತ್ರ ತೋರಿಸುವ ಮೊದಲು ನಾಡಕಚೇರಿಯ ಮೆಟ್ಟಿಲು ತೋರಿಸಿ. ಯಾವ ಕೆಲಸಕ್ಕೆ ಯಾವ ಬಾಗಿಲು ಎಂಬುದನ್ನು ಕಪ್ಪುಹಲಗೆಯ ಮೇಲೆ ಬರೆಯಿರಿ. ಬೀದಿದೀಪ, ಚರಂಡಿ, ಮನೆಯ ಇ-ಸ್ವತ್ತು: ಗ್ರಾಮ ಪಂಚಾಯಿತಿ. ಜಾತಿ, ಆದಾಯ, ವಂಶವೃಕ್ಷ, ಪಿಂಚಣಿ: ಹೋಬಳಿಯ ನಾಡಕಚೇರಿ. ಪೋಡಿ, ತಕರಾರು: ತಾಲ್ಲೂಕು ಕಚೇರಿ. ಅದರ ಮೇಲಿನ ಅಪೀಲು: ಎಸಿ ಸಾಹೇಬರು, ಅಂದರೆ ಹುಣಸೂರು ಉಪವಿಭಾಗಾಧಿಕಾರಿ. ಹುಣಸೂರು, ಪಿರಿಯಾಪಟ್ಟಣ, ಕೆ.ಆರ್. ನಗರ, ಎಚ್.ಡಿ. ಕೋಟೆ, ಇವುಗಳಿಂದ ಒಡೆದು ಹೊಸದಾಗಿ ಆದ ಸಾಲಿಗ್ರಾಮ, ಸರಗೂರು, ಎಲ್ಲದರ ಕಡತವೂ ಒಂದಲ್ಲ ಒಂದು ದಿನ ಇದೇ ಊರಿನ ಮೇಜಿಗೆ ಬರುತ್ತದೆ. ನಿಮ್ಮ ವಿದ್ಯಾರ್ಥಿಗಳು ದಿನಾ ಅದೇ ಊರಿನಲ್ಲಿ ಬಸ್ಸಿಳಿಯುತ್ತಾರೆ.

ಮೊದಲ ಅಭ್ಯಾಸಕ್ಕೆ ಬಸ್ಸೇ ಸರಿ. ಬೆಳಗಿನ ಬಸ್ಸು ತುಂಬಿ ತುಳುಕಿ ನಿಲ್ಲಿಸದೆ ಹೋಯಿತು ಎನ್ನಿ. ವಿದ್ಯಾರ್ಥಿಗಳಿಗೆ ತಕ್ಷಣ ಹೊಳೆಯುವುದು ರಸ್ತೆತಡೆ. ರಸ್ತೆತಡೆಯಿಂದ ಬಸ್ಸು ಬರುತ್ತದೆ, ಸುಳ್ಳಲ್ಲ. ಮೂರು ದಿನ ಬರುತ್ತದೆ. ನಾಲ್ಕನೇ ದಿನ ಬರುವಂತೆ ಮಾಡಬೇಕಾದರೆ ಬಸ್ ಡಿಪೊದ ಘಟಕ ವ್ಯವಸ್ಥಾಪಕರಿಗೆ ಅರ್ಜಿ ಕೊಡಬೇಕು. ಯಾವ ಮಾರ್ಗ, ಯಾವ ನಿಲ್ದಾಣ, ಎಷ್ಟು ಗಂಟೆ, ಆ ನಿಲ್ದಾಣದಲ್ಲಿ ಪಾಸು ಇರುವವರು ಎಷ್ಟು ಜನ, ಶಕ್ತಿ ಯೋಜನೆಯಲ್ಲಿ ಹತ್ತುವ ಹೆಣ್ಣುಮಕ್ಕಳು ಎಷ್ಟು. ‘ತುಂಬಾ ತೊಂದರೆಯಾಗುತ್ತಿದೆ’ ಎಂಬ ವಾಕ್ಯವನ್ನು ಡಿಪೊ ದಿನಾ ಓದುತ್ತದೆ. ಪಾಸಿನ ನಂಬರುಗಳ ಪಟ್ಟಿ ಅಪರೂಪಕ್ಕೆ ಬರುವುದರಿಂದ ಅದಕ್ಕೆ ಉತ್ತರ ಬರೆಯಲೇಬೇಕಾಗುತ್ತದೆ.

ಹಂತ 2: ಆನೆ ಪಾಠ

ಇಡೀ ರಾಜ್ಯಾಡಳಿತವನ್ನು ಒಂದೇ ರಾತ್ರಿಯಲ್ಲಿ ಕಲಿಸಬಲ್ಲ ಸಂಪನ್ಮೂಲ ವ್ಯಕ್ತಿ ನಮ್ಮ ಭಾಗದಲ್ಲಿ ಆನೆಯೊಂದೇ. ವೀರನಹೊಸಹಳ್ಳಿ ಕಡೆಯಿಂದ ಕಂದಕ ದಾಟಿ ಬರುತ್ತದೆ, ಅರ್ಧ ಎಕರೆ ಮುಸುಕಿನ ಜೋಳವನ್ನೋ ಬಾಳೆಯನ್ನೋ ಸಂಭಾವನೆಯಾಗಿ ಪಡೆದು ಬೆಳಗಾಗುವುದರೊಳಗೆ ಹೊರಟುಹೋಗುತ್ತದೆ. ಮುಂದಿನ ಪಾಠ ನಿಮ್ಮದು.

ಮುರಿದ ಬೆಳೆ, ಹೆಜ್ಜೆ ಗುರುತು, ಲದ್ದಿ ಎಲ್ಲವನ್ನೂ ಜಾಗ ಮತ್ತು ಸಮಯ ಬೀಳುವಂತೆ ಫೋಟೊ ತೆಗೆಯಲು ಹೇಳಿ. ವಲಯ ಅರಣ್ಯಾಧಿಕಾರಿಗೆ ಪರಿಹಾರದ ಅರ್ಜಿ. ಇಲಾಖೆಯ ‘ಇ-ಪರಿಹಾರ’ ತಂತ್ರಾಂಶದಲ್ಲಿ ಅದು ದಾಖಲಾಗಬೇಕು. ಅರ್ಜಿಗೆ ಪಹಣಿ ಬೇಕು. ಪಹಣಿ ತೆಗೆಸಿದರೆ ಅದು ತಾತನ ಹೆಸರಿನಲ್ಲಿದೆ. ತಾತ ತೀರಿಕೊಂಡು ಎಷ್ಟೋ ವರ್ಷವಾಗಿದೆ. ಫವತಿ ಖಾತೆ ಆಗಿಲ್ಲ. ಫವತಿಗೆ ಮರಣ ಪ್ರಮಾಣಪತ್ರ ಬೇಕು, ವಂಶವೃಕ್ಷ ಬೇಕು. ವಂಶವೃಕ್ಷ ಬರೆಯಲು ಕೂತರೆ ಅಪ್ಪ, ದೊಡ್ಡಪ್ಪ, ಚಿಕ್ಕಪ್ಪ ಮೂರು ಹೆಸರಿಗೆ ಪೆನ್ನು ನಿಲ್ಲುತ್ತದೆ.

ಇಲ್ಲಿ ವಿದ್ಯಾರ್ಥಿ ಒಂದು ಪ್ರಶ್ನೆ ಕೇಳಬೇಕು: ‘ಅತ್ತೆ ಹೆಸರು?’

ಮನೆಯಲ್ಲಿ ಒಂದು ಕ್ಷಣ ಯಾರೂ ಮಾತಾಡುವುದಿಲ್ಲ. ‘ಅವಳ್ನ ಕೊಟ್ಟು ಮದ್ವೆ ಮಾಡಿ ಕಳ್ಸಿಲ್ವೇನ್ಲಾ’ ಎಂದು ದೊಡ್ಡಪ್ಪ ಅನ್ನುತ್ತಾರೆ. ಹಿಂದೂ ಉತ್ತರಾಧಿಕಾರ ಕಾಯ್ದೆಯ 2005ರ ತಿದ್ದುಪಡಿ ಹೆಣ್ಣುಮಕ್ಕಳನ್ನೂ ಗಂಡುಮಕ್ಕಳ ಸಮಕ್ಕೆ ನಿಲ್ಲಿಸಿದೆ ಎಂದು ವಿದ್ಯಾರ್ಥಿ ವಿವರಿಸಲು ಹೋಗುತ್ತಾನೆ. ಒಳಗಿನಿಂದ ಅಜ್ಜಿ, ‘ಅವ್ಳ ಹೆಸ್ರು ಬರಿ ಮಗ, ಅವ್ಳ್ನೂ ನಾನೇ ಎತ್ತಿರಾದು’ ಎನ್ನುತ್ತಾರೆ. ಸಮಾನತೆಯ 14ನೇ ವಿಧಿ ಜಗಲಿಗೆ ಬಂದು ಕೂರುವುದು ಈ ಹೊತ್ತಿನಲ್ಲಿ. ನೀವು ಅದನ್ನು ಎರಡು ಪೀರಿಯಡ್ಡು ಪಾಠ ಮಾಡಿದ್ದಿರಿ, ಆಗ ಯಾರೂ ಜಗಳವಾಡಿರಲಿಲ್ಲ. ಮನೆಯಲ್ಲಿ ಜಗಳ ಶುರುವಾಗಿದ್ದರೆ ಜೋಡಣೆ ಸರಿಯಾದ ದಿಕ್ಕಿನಲ್ಲಿದೆ ಎಂದು ತಿಳಿಯಿರಿ.

ಆನೆಯ ಪರಿಹಾರ ಬರುವುದು ತಡವಾಗಬಹುದು. ಅಷ್ಟರಲ್ಲಿ ವಿದ್ಯಾರ್ಥಿ ಅರಣ್ಯ, ಕಂದಾಯ, ಪಂಚಾಯಿತಿ, ಬ್ಯಾಂಕು ಎಂಬ ನಾಲ್ಕು ಬಾಗಿಲು ದಾಟಿ, ಒಂದು ಕಾಗದ ಇನ್ನೊಂದು ಕಾಗದವನ್ನು ಹೇಗೆ ಹಿಡಿದು ನಿಲ್ಲಿಸುತ್ತದೆ ಎಂಬುದನ್ನು ಕಂಡಿರುತ್ತಾನೆ. ಹಕ್ಕು ಇದೆ ಎಂದು ತಿಳಿದರೆ ಅರ್ಧ ಪಾಠ. ಅದನ್ನು ಯಾವ ಕಿಟಕಿಯಲ್ಲಿ, ಯಾವ ನಮೂನೆಯಲ್ಲಿ, ಎಷ್ಟು ದಿನದೊಳಗೆ ಕೇಳಬೇಕು ಎಂಬುದು ಮಿಕ್ಕರ್ಧ. ನಮ್ಮ ಪಠ್ಯಪುಸ್ತಕಗಳು ಮೊದಲರ್ಧಕ್ಕೇ ಸುಸ್ತಾಗಿ ‘ಉಪಸಂಹಾರ’ ಎಂದು ಬರೆದುಬಿಡುತ್ತವೆ.

ಹಂತ 3: 150 ಪದ

ಮಾಹಿತಿ ಹಕ್ಕು ಕಾಯ್ದೆ ಬಂದದ್ದು 2005ರಲ್ಲಿ. ಶುಲ್ಕ ಹತ್ತು ರೂಪಾಯಿ. ಬಡತನ ರೇಖೆಗಿಂತ ಕೆಳಗಿನವರಿಗೆ ಅದೂ ಇಲ್ಲ. ಉತ್ತರಕ್ಕೆ 30 ದಿನ. ಬಾರದಿದ್ದರೆ ಮೊದಲ ಮೇಲ್ಮನವಿಗೆ ಇನ್ನೂ 30 ದಿನದ ಅವಕಾಶ. ಇಷ್ಟನ್ನು ಎಲ್ಲ ಗೈಡುಗಳೂ ಬರೆಯುತ್ತವೆ. ಕರ್ನಾಟಕದ ನಿಯಮದಲ್ಲಿ ಇನ್ನೊಂದು ಷರತ್ತಿದೆ: ಒಂದು ಅರ್ಜಿಗೆ ಒಂದೇ ವಿಷಯ, ಮತ್ತು ಅದು 150 ಪದ ಮೀರಬಾರದು.

ನಮ್ಮ ವಿದ್ಯಾರ್ಥಿಗಳು ಮುಗ್ಗರಿಸುವುದು ಇಲ್ಲೇ. ಹತ್ತು ಅಂಕಕ್ಕೆ ನಾಲ್ಕು ಪುಟ ತುಂಬಿಸು, ಪೀಠಿಕೆ ಬರಿ, ಉಪಶೀರ್ಷಿಕೆ ಹಾಕು, ಅಡಿಗೆರೆ ಎಳೆ ಎಂದು ನಾವೇ ಒಂದನೇ ತರಗತಿಯಿಂದ ತಿದ್ದಿ ತಂದಿದ್ದೇವೆ. ಅಡಿಷನಲ್ ಶೀಟು ಕೇಳಿದವನೇ ಬುದ್ಧಿವಂತ. ಅಂಥವನಿಗೆ 150 ಪದ ಕೊಟ್ಟರೆ ‘ಮಾನ್ಯರೇ, ಭಾರತವು ಹಳ್ಳಿಗಳ ದೇಶ’ ಎಂದು ಆರಂಭಿಸಿ ಊರಿನ ಹೆಸರು ಬರುವ ಮೊದಲೇ ಪದ ಮುಗಿದಿರುತ್ತದೆ.

ಆದ್ದರಿಂದ ಮೊದಲು ಕತ್ತರಿಸುವುದನ್ನು ಕಲಿಸಿ. ‘ನಮ್ಮ ಊರಿನ ರಸ್ತೆಯಲ್ಲಿ ಭ್ರಷ್ಟಾಚಾರ ಆಗಿದೆಯೇ?’ ಎಂದು ಬರೆದ ಅರ್ಜಿಗೆ ಯಾವ ಅಧಿಕಾರಿಯೂ ‘ಹೌದು’ ಎಂದು ಉತ್ತರಿಸುವುದಿಲ್ಲ. ‘ಇಂಥ ವರ್ಷ ಇಂಥ ಊರಿನಿಂದ ಇಂಥ ಊರಿನವರೆಗೆ ಮಾಡಿದ ಕಾಮಗಾರಿಯ ಅಂದಾಜುಪಟ್ಟಿ, ಅಳತೆ ಪುಸ್ತಕ, ಪಾವತಿ ಬಿಲ್ಲು, ಇವುಗಳ ದೃಢೀಕೃತ ಪ್ರತಿ ಕೊಡಿ’ ಎಂದರೆ ಕೊಡಲೇಬೇಕು. ಅಳತೆ ಪುಸ್ತಕ ಕೈಗೆ ಬಂದ ಮೇಲೆ ಟೇಪು ಹಿಡಿದು ರಸ್ತೆಗೆ ಇಳಿಯುವುದು ಗಣಿತ ವಿಭಾಗಕ್ಕೆ ಬಿಟ್ಟದ್ದು.

ಹಂತ 4: ಸೀಲು

ಈ ಹಂತ ತಪ್ಪಿದರೆ ಹಿಂದಿನ ಮೂರೂ ವ್ಯರ್ಥ. ಅರ್ಜಿಯನ್ನು ಯಾವಾಗಲೂ ಎರಡು ಪ್ರತಿ ಮಾಡಿಸಿ. ವಿದ್ಯಾರ್ಥಿಯನ್ನು ಒಬ್ಬನೇ ಒಳಗೆ ಕಳಿಸಿ, ನೀವು ಹೊರಗೆ ಟೀ ಕುಡಿಯುತ್ತಿರಿ. ಒಳಗೆ ನಡೆಯಬೇಕಾದ ಮಾತುಕತೆಯ ಮಾದರಿ:

‘ಇಟ್ಟೋಗಪ್ಪ, ನೋಡ್ತೀನಿ.’

‘ಸಾ, ಈ ಕಾಪಿ ಮೇಲೆ ಸೀಲ್ ಹಾಕ್ಕೊಡಿ ಸಾ.’

‘ಯಾಕೆ? ನಮ್ ಮೇಲೆ ನಂಬ್ಕೆ ಇಲ್ವಾ?’

‘ನಂಬ್ಕೆ ಐತೆ ಸಾ. ನಮ್ಮ ಲೆಕ್ಚರ್ರು ಸೀಲ್ ನೋಡ್ದೆ ಇಂಟರ್ನಲ್ ಮಾರ್ಕ್ಸ್ ಕೊಡಲ್ಲ.’

‘ಯಾವ ಕಾಲೇಜಪ್ಪ ನಿಂದು? ಸೀಲ್ ಇಟ್ಕೊಂಡಿರೋರು ಇವತ್ತು ರಜ.’

‘ಆಯ್ತು ಸಾ, ಕಾಯ್ತೀನಿ. ನಂಗೆ ಮಧ್ಯಾಹ್ನದ ತಂಕ ಕ್ಲಾಸಿಲ್ಲ.’

ಕಾಯುತ್ತೇನೆ ಎಂಬ ಮಾತಿಗೆ ಡ್ರಾಯರುಗಳನ್ನು ತೆರೆಯುವ ಶಕ್ತಿ ಇದೆ. ರಜದ ಮೇಲಿರುವವರ ಸೀಲು ಸ್ವಲ್ಪ ಹೊತ್ತಿಗೆ ಹೊರಬರುತ್ತದೆ, ಇಂಕ್ ಪ್ಯಾಡು ಒಣಗಿದ್ದರೆ ಎರಡು ಸಲ ಕುಟ್ಟಲಾಗುತ್ತದೆ. ದಿನಾಂಕ ಬಿದ್ದಿದೆಯೇ ನೋಡಿಕೊಳ್ಳಲು ಹೇಳಿ. ಅಷ್ಟಾದರೂ ಸೀಲು ಸಿಗದಿದ್ದರೆ ಸ್ಪೀಡ್ ಪೋಸ್ಟ್ ರಸೀದಿ ಅದೇ ಕೆಲಸ ಮಾಡುತ್ತದೆ. ಸಕಾಲ ಸೇವೆಯಾದರೆ ಜಿಎಸ್‌ಸಿ ಸಂಖ್ಯೆ ಇರುವ ಸ್ವೀಕೃತಿ ಕೊಡುವುದು ಅವರ ಕರ್ತವ್ಯ. 2011ರ ಸಕಾಲ ಕಾಯ್ದೆಯ ಪ್ರಕಾರ ಗೊತ್ತಾದ ದಿನದೊಳಗೆ ಕೆಲಸ ಆಗದಿದ್ದರೆ ಅರ್ಜಿದಾರರಿಗೆ ದಿನಕ್ಕೆ 20 ರೂಪಾಯಿಯಂತೆ 500 ರೂಪಾಯಿವರೆಗೆ ಪರಿಹಾರ ಕೇಳುವ ಹಕ್ಕಿದೆ. 20 ರೂಪಾಯಿಗೆ ಹುಣಸೂರು ಬಸ್‌ಸ್ಟ್ಯಾಂಡಿನಲ್ಲಿ ದೊಡ್ಡದೇನೂ ಬರುವುದಿಲ್ಲ. ಆದರೆ ಸರ್ಕಾರ ತನ್ನ ತಡಕ್ಕೆ ತಾನೇ ದಂಡ ಕಟ್ಟಬೇಕು ಎಂಬ ಏರ್ಪಾಡು ಒಂದು ಕಾಗದದಲ್ಲಿ ಇದೆ ಎಂದು ತಿಳಿದ ದಿನ ವಿದ್ಯಾರ್ಥಿ ನಿಲ್ಲುವ ಭಂಗಿಯೇ ಬದಲಾಗುತ್ತದೆ. ಕೈ ಕಟ್ಟಿ ನಿಂತಿದ್ದವನು ಫೈಲು ಹಿಡಿದು ನಿಲ್ಲುತ್ತಾನೆ.

ಹಂತ 5: ಗ್ರಾಮಸಭೆಯಲ್ಲಿ ಕೂರಿಸುವುದು

ಕರ್ನಾಟಕದ 1993ರ ಪಂಚಾಯತ್ ರಾಜ್ ಕಾಯ್ದೆಯಂತೆ ಗ್ರಾಮಸಭೆ ಆರು ತಿಂಗಳಿಗೊಮ್ಮೆಯಾದರೂ ನಡೆಯಬೇಕು. ಕೋರಂ ಎಂದರೆ ಮತದಾರರ ಹತ್ತನೇ ಒಂದು ಭಾಗ ಅಥವಾ 100 ಮಂದಿ, ಯಾವುದು ಕಡಿಮೆಯೋ ಅಷ್ಟು. ವಿದ್ಯಾರ್ಥಿ ಮತದಾರನಾಗಿರಬೇಕು. ಆಗಿಲ್ಲದಿದ್ದರೆ ನಮೂನೆ 6 ತುಂಬಿಸಿ. ಈಗ ಜನವರಿ, ಏಪ್ರಿಲ್, ಜುಲೈ, ಅಕ್ಟೋಬರ್ ಒಂದನೇ ತಾರೀಖು ಹೀಗೆ ವರ್ಷಕ್ಕೆ ನಾಲ್ಕು ಅರ್ಹತಾ ದಿನಗಳಿವೆ, 17 ತುಂಬಿದವರು ಮುಂಗಡವಾಗಿಯೇ ಅರ್ಜಿ ಹಾಕಬಹುದು.

ಸಭೆಯ ದಿನ ವಿದ್ಯಾರ್ಥಿಯನ್ನು ಶಾಮಿಯಾನದ ಮುಂದಿನ ಸಾಲಿನಲ್ಲಿ ಕೂರಿಸಬೇಡಿ, ಅಲ್ಲಿ ಹಾರ ತುರಾಯಿ ಅಡ್ಡ ಬರುತ್ತದೆ. ತೀರ ಹಿಂದೆಯೂ ಬೇಡ, ಅಲ್ಲಿ ಉಪ್ಪಿಟ್ಟಿನ ವಾಸನೆಗೆ ಗಮನ ಕೆಡುತ್ತದೆ. ನಡಾವಳಿ ಪುಸ್ತಕ ಕಣ್ಣಿಗೆ ಬೀಳುವ ಜಾಗದಲ್ಲಿ ಕೂರಬೇಕು. ಬಹಳ ಕಡೆ ಸಭೆ ಆರಂಭವಾಗುವ ಮೊದಲೇ ಆ ಪುಸ್ತಕ ಕೈಯಿಂದ ಕೈಗೆ ಬರುತ್ತದೆ. ಹಾಜರಿ ಸಹಿ ಎನ್ನುತ್ತಾರೆ. ಸಹಿಯ ಮೇಲಿನ ಅರ್ಧ ಪುಟ ಖಾಲಿ ಇರುತ್ತದೆ. ಆ ಖಾಲಿ ಜಾಗದಲ್ಲಿ ಆಮೇಲೆ ಏನು ಬರೆದರೂ ಕೆಳಗೆ ಸಹಿ ಮಾಡಿದವರೆಲ್ಲ ಒಪ್ಪಿದ ಹಾಗೆ. ವಿದ್ಯಾರ್ಥಿ ಇಲ್ಲಿ ಮಾಡಬೇಕಾದ್ದು ಇಷ್ಟೇ: ತನ್ನ ಹೆಸರಿನ ಮೇಲೆ ಒಂದು ಅಡ್ಡಗೆರೆ ಎಳೆದು, ‘ಹಾಜರಾತಿಗೆ ಮಾತ್ರ’ ಎಂದು ಬರೆದು ಸಹಿ ಮಾಡುವುದು. ಇದನ್ನು ನೋಡಿದ ಪಕ್ಕದ ಅಕ್ಕನೂ ಹಾಗೇ ಬರೆದರೆ ಅವತ್ತಿನ ಪಾಠ ಸಾರ್ಥಕ.

ಆಮೇಲೆ ಫಲಾನುಭವಿಗಳ ಪಟ್ಟಿ ಓದುತ್ತಾರೆ. ಯಾರಿಗೆ ಮನೆ, ಯಾರಿಗೆ ಕೊಟ್ಟಿಗೆ. ಗಲಾಟೆ ಆಗುತ್ತದೆ. ವಿದ್ಯಾರ್ಥಿ ಆ ಗಲಾಟೆಯಲ್ಲಿ ಕೂಗಬಾರದು, ಗಲಾಟೆ ನಿಂತ ಮೇಲೆ ಎದ್ದು ನಿಂತು, ಹಿಂದಿನ ಸಭೆಯಲ್ಲಿ ಏನು ತೀರ್ಮಾನವಾಯಿತು ಎಂದು ನಡಾವಳಿ ಪುಸ್ತಕದಿಂದ ಓದಿ ಹೇಳಲು ಕೇಳಬೇಕು. ಮರುದಿನ ನಡಾವಳಿಯ ಪ್ರತಿಗೆ ಅರ್ಜಿ. ಸೀಲು, ಮೇಲಿನಂತೆ.

ಹಂತ 6: ಹಳೆಯ ಮಾದರಿಗಳೊಂದಿಗೆ ಹೋಲಿಸಿ ನೋಡುವುದು

ಇಷ್ಟೆಲ್ಲ ಹೊಸದಾಗಿ ಕಲಿಯಬೇಕಲ್ಲ ಎಂದು ವಿದ್ಯಾರ್ಥಿ ಮುಖ ಬಾಡಿಸಿದರೆ ಸಲಕರಣೆ ಪಟ್ಟಿಯಲ್ಲಿದ್ದ ಅಜ್ಜಿಯನ್ನು ಕರೆಯಿಸಿ.

ಅಜ್ಜಿ ಬರುವಷ್ಟರಲ್ಲಿ ಇದನ್ನು ಹೇಳಿ: ಎದ್ದು ನಿಂತು ಅಹವಾಲು ಹೇಳುವ ಕಸುಬು ಮೈಸೂರಿನಲ್ಲಿ ಹಳೆಯದು. ದಿವಾನ್ ರಂಗಾಚಾರ್ಲು ಅವರ ಕಾಲದಲ್ಲಿ, 1881ರ ಅಕ್ಟೋಬರ್ 7ರಂದು, 144 ಸದಸ್ಯರ ಪ್ರಜಾಪ್ರತಿನಿಧಿ ಸಭೆ ಮೊದಲ ಬಾರಿಗೆ ಸೇರಿತು. ಅವರಿಗೆ ಕಾನೂನು ಮಾಡುವ ಅಧಿಕಾರ ಇರಲಿಲ್ಲ. ರೈತರು, ವರ್ತಕರು ಎದ್ದು ನಿಂತು ತಮ್ಮ ಕಡೆಯ ಕುಂದುಕೊರತೆ ಹೇಳಬಹುದಿತ್ತು, ದಿವಾನರು ಕೇಳಿಸಿಕೊಳ್ಳಬೇಕಿತ್ತು, ಅಷ್ಟೆ. ಕೇಳಿಸಿಕೊಳ್ಳುವ ಕರ್ತವ್ಯವೊಂದನ್ನು ಹೀಗೆ ದಾಖಲೆಗೆ ತಂದ ಮೇಲೆ ಮಿಕ್ಕದ್ದು ಒಂದೊಂದಾಗಿ ಬಂತು. ಹತ್ತು ವರ್ಷಕ್ಕೆ, 1891ರಲ್ಲಿ, ಆ ಸಭೆಗೆ ಚುನಾವಣೆಯೂ ಬಂತು.

ಇನ್ನೂ ಹತ್ತಿರದ್ದು ಫಾರಂ ಏಳು. ಹುಣಸೂರು ಕ್ಷೇತ್ರವನ್ನು ಪ್ರತಿನಿಧಿಸುತ್ತಿದ್ದ ಮುಖ್ಯಮಂತ್ರಿ ದೇವರಾಜ ಅರಸರು ಭೂಸುಧಾರಣೆ ಕಾಯ್ದೆಗೆ ತಂದ ತಿದ್ದುಪಡಿ 1974ರ ಮಾರ್ಚ್ 1ರಂದು ಜಾರಿಗೆ ಬಂತು. ಗೇಣಿ ಜಮೀನೆಲ್ಲ ಅಂದೇ ಸರ್ಕಾರಕ್ಕೆ ಸೇರಿತು. ಆದರೆ ಉಳುವವನು ತಾನಾಗಿ ಒಡೆಯನಾಗಲಿಲ್ಲ. ಅವನು ನಮೂನೆ 7 ತುಂಬಿ ಭೂನ್ಯಾಯ ಮಂಡಳಿಗೆ ಕೊಡಬೇಕಿತ್ತು. ಕೊನೆಯ ದಿನ 1979ರ ಜೂನ್ 30. ಮೂಲ ತಿದ್ದುಪಡಿಯಲ್ಲಿ ಮಂಡಳಿಯ ಮುಂದೆ ವಕೀಲರು ಬರುವಂತಿರಲಿಲ್ಲ. ಆ ನಿರ್ಬಂಧವನ್ನು ಸುಪ್ರೀಂ ಕೋರ್ಟು ಹೊಡೆದುಹಾಕಿದ್ದು 1987ರಲ್ಲಿ. ಅಲ್ಲಿಯವರೆಗೆ ಹೆಬ್ಬೆಟ್ಟಿನ ಗೇಣಿದಾರ, ಜಮೀನ್ದಾರರನ್ನು ಎದುರಿಗಿಟ್ಟುಕೊಂಡು, ‘ಈ ಹೊಲ ನಾನೇ ಉತ್ತಿದ್ದು ಬುದ್ಧಿ, ಬೇಕಾದ್ರೆ ಬದುವಿನವ್ರನ್ನ ಕೇಳಿ’ ಎಂದು ತಾನೇ ಹೇಳಬೇಕಾಗಿತ್ತು. ಹೇಳಿದವರಿಗೆ ಹೊಲ ಉಳಿಯಿತು. ಅರ್ಜಿ ಹಾಕದವರಿಗೆ, ಹಾಕಿ ಹೆದರಿ ವಾಪಸು ಪಡೆದವರಿಗೆ ಉಳಿಯಲಿಲ್ಲ. ವಿದ್ಯಾರ್ಥಿಗಳ ಮನೆಯ ಟ್ರಂಕಿನಲ್ಲಿ, ಮದುವೆ ಸೀರೆಯ ಕೆಳಗೆ, ಪ್ಲಾಸ್ಟಿಕ್ ಕವರಿನಲ್ಲಿ ಸುತ್ತಿದ ಟ್ರಿಬ್ಯುನಲ್ ಆರ್ಡರ್ ಇರಬಹುದು. ಒಂದು ದಿನ ಅದನ್ನೇ ತಂದು ಓದಲು ಹೇಳಿ. ಹುಡುಗ ಕೂತು ಓದುತ್ತಿರುವ ಡಿಗ್ರಿಯ ಫೀಸು ಆ ಕಾಗದದಿಂದ ಬಂದಿದ್ದರೂ ಬಂದಿರಬಹುದು.

ಕಾಡಿನೊಳಗಿನ ಪಾಠ ಇನ್ನೂ ಗಟ್ಟಿ. 1990ರ ದಶಕದ ನಡುವೆ ನಾಗರಹೊಳೆಯೊಳಗಿನ ಕಟ್ಟಡಗಳನ್ನು ಒಂದು ಹೋಟೆಲ್ ಕಂಪನಿಗೆ ಗುತ್ತಿಗೆ ಕೊಟ್ಟಾಗ ತಡೆದವರು ಆದಿವಾಸಿ ಹಾಡಿಯ ಜನ. ಅವರ ಸಮಿತಿ ಹೈಕೋರ್ಟಿಗೆ ಹೋಯಿತು. 1997ರಲ್ಲಿ ನ್ಯಾಯಾಲಯ ಆ ಗುತ್ತಿಗೆ 1980ರ ಅರಣ್ಯ ಸಂರಕ್ಷಣಾ ಕಾಯ್ದೆಗೆ ವಿರುದ್ಧ ಎಂದಿತು. ಕಾಡಿನಿಂದ ಹೊರಬಂದವರ ಸ್ಥಿತಿಗತಿ ನೋಡಲು ಹೈಕೋರ್ಟು ನೇಮಿಸಿದ ಸಮಿತಿಗೆ ಮುಖ್ಯಸ್ಥರಾಗಿದ್ದವರು ಮೈಸೂರು ವಿಶ್ವವಿದ್ಯಾನಿಲಯದ ರಾಜ್ಯಶಾಸ್ತ್ರದ ಮೇಷ್ಟ್ರು ಮುಜಾಫರ್ ಅಸ್ಸಾದಿ. ಅವರ 2014ರ ವರದಿ 3,418 ಕುಟುಂಬಗಳಿಗೆ ಪುನರ್ವಸತಿ ಆಗಬೇಕೆಂದಿತು. ವಿಶ್ವವಿದ್ಯಾನಿಲಯ ಹಾಡಿಗೆ ಹೋದರೆ ಏನು ಕಲಿಯಬಹುದು ಎಂಬುದಕ್ಕೆ ಇದಕ್ಕಿಂತ ಒಳ್ಳೆಯ ಪಠ್ಯ ಹುಡುಕಬೇಕಿಲ್ಲ.

2006ರ ಅರಣ್ಯ ಹಕ್ಕು ಕಾಯ್ದೆಯ ನಿಯಮಗಳಲ್ಲಿ ಸಾಕ್ಷ್ಯದ ಪಟ್ಟಿಯಿದೆ. ಸರ್ಕಾರಿ ದಾಖಲೆ, ಸಮಾಧಿ, ಬಾವಿ, ದೇವರ ಜಾಗ, ಇವುಗಳ ಜೊತೆಗೆ ಹಿರಿಯರ ಹೇಳಿಕೆಯನ್ನು ಬರೆದುಕೊಂಡರೆ ಅದೂ ಸಾಕ್ಷ್ಯ. ಮಾತಾಡುವವರು ಅಜ್ಜಿ. ಬರೆಯಬೇಕಾದವರು ಯಾರು ಎಂದು ಈ ನಿಯಮ ಹೇಳುವುದಿಲ್ಲ. ಪುನರ್ವಸತಿ ಕೇಂದ್ರದಿಂದಲೋ ಹಾಡಿಯಿಂದಲೋ ಮೊದಲ ಬಾರಿಗೆ ಪದವಿ ಕಾಲೇಜಿನ ಮೆಟ್ಟಿಲು ಹತ್ತಿದ ಹುಡುಗಿ ನಿಮ್ಮ ತರಗತಿಯ ಮೂರನೇ ಬೆಂಚಿನಲ್ಲಿ ಕೂತಿದ್ದರೆ, ಅವಳಿಗೆ ಬೇರೆ ಅಸೈನ್‌ಮೆಂಟು ಕೊಡಬೇಡಿ. ತನ್ನ ಅಜ್ಜಿ ಹೇಳಿದ್ದನ್ನು, ಜಾಗದ ಹೆಸರು ಹೆಸರಾಗಿ, ಮರ ಮರವಾಗಿ ಬರೆದುಕೊಂಡು ಬರಲಿ. ನಿಮಗೆ ಅದು ಇಪ್ಪತ್ತು ಅಂಕದ ಕಾಗದ. ಅವಳು ಅದನ್ನು ಗ್ರಾಮಸಭೆಯ ಅರಣ್ಯ ಹಕ್ಕು ಸಮಿತಿಯ ಮುಂದೆ ಇಡುತ್ತಾಳೆ.

5. ದೋಷ ಮತ್ತು ನಿವಾರಣೆ

ದೋಷ: ‘ಎಲ್ಲಾ ಕಳ್ಳರೇ ಬುಡಿ ಸಾ’ ಎಂಬ ಶಬ್ದ ಬಿಟ್ಟುಬಿಟ್ಟು ಬರುತ್ತಿದೆ. ಕಾರಣ: ರೀಲ್ಸ್. ನಿವಾರಣೆ: ಯಾರು? ಯಾವ ಕಾಮಗಾರಿ? ಯಾವ ವರ್ಷ? ಎಷ್ಟು ಮೊತ್ತ? ಈ ನಾಲ್ಕಕ್ಕೆ ಉತ್ತರ ತರಿಸಿ. ಶಬ್ದ ನಿಲ್ಲುತ್ತದೆ, ಅರ್ಜಿ ಬರುತ್ತದೆ.

ದೋಷ: ಪ್ರತಿ ಕೆಲಸಕ್ಕೂ ಎಮ್ಮೆಲ್ಲೆ ಲೆಟರ್ ಹುಡುಕಿಕೊಂಡು ಹೋಗುತ್ತದೆ. ಕಾರಣ: ಮನೆಯಲ್ಲಿ ಮುಖಂಡರಾದ ಮಾವ ಒಬ್ಬರಿದ್ದಾರೆ. ನಿವಾರಣೆ: ಮಾವನವರಿಂದಲೇ ಒಂದು ಫವತಿ ಖಾತೆ ಲೆಟರ್ ಇಲ್ಲದೆ ಮಾಡಿಸಲು ಹೇಳಿ. ಇಬ್ಬರೂ ಕಲಿಯುತ್ತಾರೆ.

ದೋಷ: 243ನೇ ವಿಧಿ ಎಂದರೆ ಪಂಚಾಯಿತಿ ಎಂದು ಥಟ್ಟನೆ ಹೇಳುತ್ತದೆ, ತನ್ನ ಪಿಡಿಒ ಯಾರೆಂದರೆ ಸುಮ್ಮನಿರುತ್ತದೆ. ಕಾರಣ: ಕೆಎಎಸ್ ಕೋಚಿಂಗ್. ನಿವಾರಣೆ: ಮುಂದೆ ತಾನು ಕೂರಲು ಬಯಸುವ ಕುರ್ಚಿಯ ಎದುರು, ಅರ್ಜಿ ಹಿಡಿದವರ ಸಾಲಿನಲ್ಲಿ, ಒಂದು ಬೆಳಗ್ಗೆ ನಿಲ್ಲಿಸಿ.

ದೋಷ: ವಿಪರೀತ ಬಿಸಿಯಾಗುತ್ತದೆ, ಕಚೇರಿಯಲ್ಲಿ ಕೂಗಾಡಿ ಬರುತ್ತದೆ. ನಿವಾರಣೆ: ಮೇಜಿನಾಚೆಯ ಕೇಸ್‌ವರ್ಕರ್‌ಗೂ ಸರ್ವರ್ ಡೌನ್ ಆಗುತ್ತದೆ, ಮೂರು ಹುದ್ದೆಯ ಕೆಲಸ ಒಬ್ಬರೇ ಮಾಡುತ್ತಿರಬಹುದು ಎಂದು ತಿಳಿಸಿ. ಖಾಲಿ ಹುದ್ದೆ ಎಷ್ಟು ಎಂದು ಕೇಳಿ ಇನ್ನೊಂದು ಅರ್ಜಿ ಬರೆಸಿ. ಇದಕ್ಕೆ ಸೀಲು ಬಲು ಬೇಗ ಸಿಗುತ್ತದೆ.

6. ವಾರಂಟಿ ಮತ್ತು ಅಡ್ಡಪರಿಣಾಮ

ಒಮ್ಮೆ ಜೋಡಿಸಿದ ನಾಗರಿಕನನ್ನು ಬಿಚ್ಚಿ ಮತ್ತೆ ಮೊದಲಿನಂತೆ ಪೆಟ್ಟಿಗೆಗೆ ಹಾಕಲು ಬರುವುದಿಲ್ಲ, ವಾಪಸು ತೆಗೆದುಕೊಳ್ಳುವ ವ್ಯವಸ್ಥೆಯೂ ಇಲ್ಲ. ಸಾಧನ ಸರಿಯಾಗಿ ಕೆಲಸ ಮಾಡತೊಡಗಿದರೆ ಅದು ಮೊದಲು ತಿರುಗುವುದು ತನಗೆ ಹತ್ತಿರವಿರುವ ಸಾರ್ವಜನಿಕ ಪ್ರಾಧಿಕಾರದ ಕಡೆಗೆ. ಸರ್ಕಾರಿ ಕಾಲೇಜಿನ ವಿದ್ಯಾರ್ಥಿಗೆ ಕಾಲೇಜಿಗಿಂತ ಹತ್ತಿರವಾದದ್ದು ಇನ್ನಾವುದು? ಒಂದು ಸೋಮವಾರ ನಿಮ್ಮ ಮೇಜಿನ ಮೇಲೆ ಒಂದು ಹಾಳೆ ಇರುತ್ತದೆ. ಕಳೆದ ಮೂರು ವರ್ಷದ ಕ್ರೀಡಾ ಶುಲ್ಕ, ಗ್ರಂಥಾಲಯ ಶುಲ್ಕ, ಇವುಗಳ ಸಂಗ್ರಹ ಮತ್ತು ಖರ್ಚಿನ ವಿವರ. ಒಂದೇ ವಿಷಯ, 150 ಪದದೊಳಗೆ, ಹತ್ತು ರೂಪಾಯಿಯ ಪೋಸ್ಟಲ್ ಆರ್ಡರ್ ಲಗತ್ತು. ಎರಡು ಪ್ರತಿ.

ಪ್ರಾಂಶುಪಾಲರು ನಿಮ್ಮನ್ನು ಕರೆಯಿಸಿ, ‘ಏನ್ರೀ ಇದು? ಇದನ್ನೇನ್ರೀ ನೀವು ಕಲಿಸ್ತಿರೋದು?’ ಎಂದು ಕೇಳುತ್ತಾರೆ.

‘ಹೌದು ಸಾರ್’ ಎನ್ನಿ. ಅರ್ಜಿಯಲ್ಲಿ ಕಾಗುಣಿತದ ತಪ್ಪಿದ್ದರೆ ಪೆನ್ಸಿಲ್ಲಿನಲ್ಲಿ ಗುರುತು ಮಾಡಿ. ಎರಡನೇ ಪ್ರತಿಗೆ ಕಾಲೇಜಿನ ಸೀಲು ಒತ್ತಿಸಿ, ದಿನಾಂಕ ಹಾಕಿಸಿ, ವಿದ್ಯಾರ್ಥಿಯ ಕೈಗೆ ಕೊಡಿ. 30 ದಿನದ ಲೆಕ್ಕ ಅಲ್ಲಿಂದ ಶುರು. ಇಂಟರ್ನಲ್ ಅಂಕ ಪೂರ್ತಿ ಕೊಡಿ.